ಒಲೆ ಹಲಗೆಯ ಎತ್ತರ

ಪ್ರೀತಿಯ ಅಳಿಯಂದಿರಿಗೆ ಆಶೀರ್ವಾದಗಳು.

ಮತ್ತೆ ಮದುವೆಯಾಗುತ್ತಿರುವ ವಿಷಯವನ್ನು ನೀವೇ ಬರೆದು ತಿಳಿಸಿದ್ದು ಒಳ್ಳೆಯದಾಯಿತು. ಅದಕ್ಕೆ ನಮ್ಮ ಒಪ್ಪಿಗೆ ಕೇಳಬೇಕಾಗಿರಲಿಲ್ಲ.

ನೀವೂ ಮಗಳೂ ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತಲೆಂದು ನಾನೂ ಅವಳೂ ಕಟ್ಟುತ್ತಿದ್ದ ಪುಟ್ಟ ಟ್ರೇಲರ್ ಮನೆ ಇನ್ನೂ ನಮ್ಮ ಶೆಡ್ಡಿನಲ್ಲೇ ಇದೆ. ಅವಳು ತೀರಿಕೊಂಡ ಮೇಲೆ ಎರಡು ವರ್ಷ ನಾನು ಅದರ ಬಾಗಿಲು ತೆಗೆದಿರಲಿಲ್ಲ. ನಿಮ್ಮ ಪತ್ರ ಓದಿದ ನಿಮ್ಮ ಅತ್ತೆ, "ಸುಮ್ನೆ ಗೆದ್ದಲು ಹಿಡಿಸ್ತೀರಾ? ಮುಗಿಸಿ ಅವರಿಗೇ ಕೊಟ್ಬಿಡಿ" ಅಂದಳು. ಅಷ್ಟು ಹೇಳಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಚಾವಣಿಗೆ ತಗಡು ಹೊದಿಸಿದ್ದಾಯಿತು. ಚಕ್ರಗಳಿಗೆ ಗ್ರೀಸ್ ಹಚ್ಚಿದ್ದೇನೆ. ಒಲೆ ಇಡುವ ಹಲಗೆಯದೊಂದೇ ತೊಡಕು, ಅದನ್ನು ಮಗಳ ಎತ್ತರಕ್ಕೆ ಕೂರಿಸಿದ್ದೆ. ಅವಳೆಷ್ಟು ಗಿಡ್ಡಿ ಎಂದು ನಿಮಗೆ ಗೊತ್ತೇ ಇದೆ. "ಇನ್ನೂ ಇಳಿಸಪ್ಪಾ, ನಾನೇನು ಏಣಿ ಹತ್ತಿ ಹಾಲು ಕಾಯಿಸ್ಲಾ?" ಎಂದು ನಗುತ್ತಾ ಮೂರು ಸಲ ಬಿಚ್ಚಿಸಿದ್ದಳು. ಹೊಸದಾಗಿ ಬರುವವರು ಅಲ್ಲಿ ಬಗ್ಗಿ ಅಡುಗೆ ಮಾಡಿದರೆ ಬೆನ್ನು ಹಿಡಿದುಕೊಳ್ಳುತ್ತದೆ. ನೆಲದಿಂದ ಅವರ ಮೊಣಕೈವರೆಗೆ ಎಷ್ಟಾಗುತ್ತದೆಂದು ಅಳೆದು ಬರೆಯಿರಿ.

ಗಾಡಿ ಒಯ್ಯಲು ಬರುವಾಗ ಅವರನ್ನೂ ಕರೆತನ್ನಿ, ಸಂಕೋಚ ಬೇಡ. ನಿಮ್ಮ ಅತ್ತೆ ಹೆಚ್ಚು ಮಾತಾಡದಿದ್ದರೆ ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಅಳತೆಯನ್ನು ಮಾತ್ರ ಬೇಗ ಕಳಿಸಿ. ಹಳೆಯ ಹಲಗೆಯನ್ನು ಇವತ್ತು ಬೆಳಿಗ್ಗೆ ಬಿಚ್ಚಿಬಿಟ್ಟೆ. ಆ ಖಾಲಿ ಜಾಗವನ್ನು ನೋಡಿಕೊಂಡು ಕೆಲಸ ಮಾಡಲು ನನ್ನಿಂದ ಆಗುತ್ತಿಲ್ಲ.

ಇಂತಿ,
ನಿಮ್ಮ ಮಾವ