ಗದ್ದೆಮನಪ್ಪನ ಪಟ್ಟಾ

ಲಿಂಗಸುಗೂರು,
ಪ್ರಮಾಥಿ ಸಂವತ್ಸರ, ಮಾಘ ಬಹುಳ ತದಿಗೆ, ಸೋಮವಾರ

ಪ್ರೀತಿಯ ತಮ್ಮ ದುರುಗಪ್ಪನಿಗೆ,

ಅಕ್ಕ ಗದ್ದೆಮ್ಮನ ಆಶೀರ್ವಾದ. ನಿನ್ನ ಕೆಮ್ಮು ಹೇಗಿದೆ, ಮೊದಲು ಅದನ್ನು ಬರೆ. ಗಿರಣಿಯ ಹತ್ತಿಧೂಳು ಎದೆಯೊಳಗೆ ಕೂತರೆ ಏಳುವುದಿಲ್ಲ ಎಂದು ಮಸ್ಕಿ ಸಂತೆಯಲ್ಲಿ ಯಾರೋ ಅಂದ ದಿನದಿಂದ ನನಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಲ್ಲು, ನಗುವವರು ನಗಲಿ. ಸೋಲಾಪುರದ ನೀರು ನಿನಗೆ ಒಗ್ಗಿತೋ ಇಲ್ಲವೋ, ಖಾನಾವಳಿಯವಳು ರೊಟ್ಟಿಗೆ ಏನು ಹಿಟ್ಟು ಬೆರೆಸುತ್ತಾಳೋ, ಇದನ್ನೆಲ್ಲ ನೀನು ಬರೆಯುವುದೇ ಇಲ್ಲ. ಅವ್ವ ಗಟ್ಟಿಯಾಗಿದ್ದಾಳೆ, ಮೊಣಕಾಲು ಮಾತ್ರ ಅವಳ ಮಾತು ಕೇಳುವುದಿಲ್ಲ. ನಿನ್ನ ಭಾವನೂ ಎತ್ತುಗಳೂ ಕ್ಷೇಮ. ಎಮ್ಮೆಯನ್ನು ಪಕ್ಕದ ಮನೆಯ ಹುಸೇನ್‌ಬೀಗೆ ಒಪ್ಪಿಸಿ ಬಂದಿದ್ದೇನೆ. ಹಿಂಡುವಾಗ ಅದು ಒದೆಯುತ್ತದೆ ಎಂದು ಅವಳಿಗೆ ಹೇಳಿದೆನೋ ಇಲ್ಲವೋ ನೆನಪಾಗುತ್ತಿಲ್ಲ, ಅದೊಂದು ಚಿಂತೆ. ಮಠದ ಅಯ್ಯನವರು ಎರಡನೆಯ ಪುಸ್ತಕದ ಅರ್ಧಕ್ಕೇ ಸಾಲಿ ಮುಚ್ಚಿದ್ದರಿಂದ ನನ್ನ ಒತ್ತಕ್ಷರಗಳು ಇನ್ನೂ ಕುಂಟುತ್ತವೆ. ನೀನೇ ಹೊಂದಿಸಿಕೊಂಡು ಓದಿಕೋ, ಬೇರೆಯವರ ಕೈಗೆ ಕೊಡಬೇಡ.

ನಿನ್ನ ಹಿಂದಿನ ಕಾಗದ ಮುಟ್ಟಿತು. "ಅಕ್ಕಾ, ಮಾಲಿಪಾಟೀಲರ ಕೂಡ ನಮಗ್ಯಾತರ ಜಿದ್ದು, ಹೊಲ ಬಿಟ್ಟುಬಿಡು" ಎಂದು ಬರೆದಿದ್ದೀ. ಓದಿದೆ, ಮಡಚಿದೆ, ಗೂಡಿನಲ್ಲಿಟ್ಟೆ. ಬಿಡಲಿಲ್ಲ. ಅಪ್ಪ ಹುಲಗಪ್ಪ ಹೋದ ಮೇಲೆ ಕರಿಗುಂಡಿನ ಹೊಲವನ್ನು ನಿನ್ನ ಹೆಸರಿಗೆ ಮಾಡಿಸಿರಿ ಎಂದು ಕೇಳಲು ನಾನು ಚಾವಡಿಗೆ ಹೋದದ್ದು ನಿನಗೆ ಗೊತ್ತು. ಊರಿನ ಕಂದಾಯ ಎತ್ತುವ ಮಾಲಿಪಾಟೀಲ ಅಮರೇಗೌಡರು ತಾಂಬೂಲ ಉಗುಳಿ ಬಂದು, "ಹುಲಗಪ್ಪನ ಹೆಸರಿನ್ಯಾಗ ಪಟ್ಟಾ ಎಲ್ಲೈತಬೇ? ನಿಮ್ಮಪ್ಪ ಯಾರದೋ ಹೊಲದಾಗ ಬಿತ್ತಿ ಉಂಡಾನ. ಪಟ್ಟಾ ಇದ್ದ ಮನಷ್ಯಾ ಇಲ್ಲ, ಅವನ ವಾರಸುದಾರ್ರೂ ಇಲ್ಲ. ಸರಕಾರ ಇನ್ನೊಬ್ಬರಿಗೆ ಕೊಡತೈತಿ" ಎಂದರು. ಆ ಇನ್ನೊಬ್ಬರು ಯಾರೆಂದು ಊರಿಗೆಲ್ಲ ಗೊತ್ತು, ಅವರ ತಂಗಿಯ ಮಗ ಬಸ್ಸಪ್ಪ. ಹೊಲದಲ್ಲಿ ಬಿಳಿಜೋಳ ತೆನೆ ಬಾಗಿ ನಿಂತಿದೆ, ಅದನ್ನು ಕೊಯ್ಯಕೂಡದು ಎಂದು ತಳವಾರನಿಂದ ಹೇಳಿಸಿದರು. ಆ ದಿನದಿಂದ ಗಿಳಿ ತಿನ್ನುತ್ತವೋ, ದನ ನುಗ್ಗುತ್ತವೋ, ರಾತ್ರೋರಾತ್ರಿ ಬಸ್ಸಪ್ಪನೇ ಕುಡುಗೋಲು ಹಾಕುತ್ತಾನೋ ಎಂದು ರಾತ್ರಿ ಎದ್ದೆದ್ದು ಬದುವಿನ ತನಕ ಹೋಗಿ ನೋಡಿ ಬರುತ್ತಿದ್ದೇನೆ. ನೀನು ದೂರ ಇದ್ದೀ, ನಿನಗೆ ಅದು ನೆಲ. ನನಗೆ ಅದು ಬಾಗಿಲು ತೆಗೆದರೆ ಕಾಣುವ ಜೋಳ.

ಕಾಗದ ಹುಡುಕುವುದೆಂದರೆ ಏನೆಂದು ಈಗ ಕಲಿತಿದ್ದೇನೆ. ಇಲ್ಲಿಯ ತಹಸೀಲು ಕಚೇರಿಯ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಗೌಸ್‌ಸಾಬ್ ಎಂಬವರಿದ್ದಾರೆ. ಮಾತು ಕನ್ನಡ, ಬರಹ ಉರ್ದು, ಬಾಯಿ ತುಂಬ ಬಯ್ಗುಳ. ಅವರು ಮೊದಲ ಸಲ ಅಪ್ಪನ ಹೆಸರಿನ ಮೇಲೆ ಪಟ್ಟಾದ ನಕಲು ಕೇಳಿ ಅರ್ಜಿ ಹಾಕಿದರೆ ಯಾವನೋ ಬೇರೆ ಹುಲಗಪ್ಪನ ಹಾಳುಬಾವಿಯ ಕಾಗದ ಬಂತು. ಎರಡನೆಯ ಸಲ ಕರಿಗುಂಡಿನ ಹೊಲ ಎಂದು ಬರೆಸಿದರೆ ಒಳಗಿನ ಗುಮಾಸ್ತ ಕಾಗದವನ್ನು ಹೊರಗೆ ಒಗೆದ. ಹೊಲಕ್ಕೆ ನಾವು ಇಟ್ಟ ಹೆಸರು ಸರಕಾರಕ್ಕೆ ಗೊತ್ತಿಲ್ಲವಂತೆ, ಅಲ್ಲಿ ನಂಬರಿನ ಮೇಲೇ ಎಲ್ಲ. "ನಂಬರ್ ಇಲ್ದ ಹೊಲ, ಹೆಸರಿಲ್ದ ಹೆಣ, ಎಲ್ಲಿ ಅಂತ ಹುಡುಕಲೆ ತಾಯಿ" ಎಂದು ಗೌಸ್‌ಸಾಬ್ ನನ್ನನ್ನೇ ಬೈದರು. ಊರಿಗೆ ಮರಳಿ ಬದುವಿನ ಮೇಲೆ ಕೂತು ಅತ್ತೆ. ಆ ಬದುವಿನ ಆಚೆಯ ಹೊಲ ಇಮಾಮ್‌ಸಾಬ್‌ರದು. ಅವರು ನನ್ನ ಅಳು ಮುಗಿಯುವ ತನಕ ಬೀಡಿ ಸೇದುತ್ತ ಕಾದು, "ನನ್ನ ನಂಬರ್ ನನಗ ಗೊತ್ತೈತಲ್ಲಬೇ, ಅದರ ಬಗಲಿಂದು ನಿಮ್ದು. ಬದು ಹಿಡಕೊಂಡು ಹೋಗು, ಸಿಗತೈತಿ" ಎಂದರು. ಹೊಲವನ್ನು ಬದು ಹಿಡಿದು ಹುಡುಕಿದ ಹಾಗೆ ದಫ್ತರದಲ್ಲೂ ಹುಡುಕಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಮೂರನೆಯ ಸಲ ನಕಲು ಬಂತು. ಗೌಸ್‌ಸಾಬ್ ಕನ್ನಡಕ ಒರೆಸಿ ಓದಿದರು: ಪಟ್ಟಾದಾರನ ಹೆಸರು ಗದ್ದೆಮನಪ್ಪ, ತಂದೆಯ ಹೆಸರು ತಿಳಿಯದು. "ಯಾರವಾ ಗದ್ದೆಮನಪ್ಪ?" ಎಂದು ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ನಮ್ಮ ಊರಿನಲ್ಲಿ, ನಮ್ಮ ಕುಲದಲ್ಲಿ ಆ ಹೆಸರಿನವರು ಹುಟ್ಟಿಲ್ಲ. ಮಾಲಿಪಾಟೀಲರು ಹೇಳಿದ್ದೇ ನಿಜವಿರಬಹುದೇ, ಅಪ್ಪ ಇಷ್ಟು ವರ್ಷ ಬೇರೆಯವರ ಹೊಲವನ್ನೇ ಬಿತ್ತಿದನೇ ಎಂದು ನಕಲನ್ನು ಅವರ ಮುಂದಕ್ಕೇ ತಳ್ಳಿದೆ. ಅವರು ಎಲೆ ಅಡಿಕೆ ಹಾಕಿಕೊಂಡು, ಬಾಯಿ ತುಂಬಿಸಿಕೊಂಡೇ ಇನ್ನೊಮ್ಮೆ ನಿಧಾನವಾಗಿ ಓದಿದರು. ಗದ್ದೆಮ, ನಪ್ಪ. ದುರುಗಪ್ಪಾ, ಆಗ ನನ್ನ ಕಿವಿಗೆ ಕೇಳಿದ್ದು ಅವ್ವನ ದನಿ. ಅಪ್ಪನನ್ನು ಅವಳು ಜನ್ಮದಲ್ಲಿ ಹೆಸರು ಹಿಡಿದು ಕರೆದವಳಲ್ಲ. ನಾನು ಹಿರಿಯಳು, ನಾನು ಹುಟ್ಟಿದಂದಿನಿಂದ ಅವನು ಅವಳಿಗೆ "ಗದ್ದೆಮ್ಮನಪ್ಪ".

ಊರಿಗೆ ಹೋಗಿ ಅವ್ವನನ್ನು ಕೇಳಿದೆ. ಜೋಳ ಕೇರುತ್ತಿದ್ದವಳು ಮೊರ ನಿಲ್ಲಿಸದೆ ಹೇಳಿದಳು. ಹೊಲ ಅಳೆಯುವ ಬಂದೋಬಸ್ತಿನವರು ಸರಪಳಿ ಎಳೆಯುತ್ತ ಬಂದ ದಿನ ಅಪ್ಪ ಮುದಗಲ್ಲಿಗೆ ಹೋಗಿದ್ದ. ನಾನು ಅವ್ವನ ಬಗಲಲ್ಲಿದ್ದೆ. ಕಡತ ಹಿಡಿದವನು ಹೊಲ ಯಾರದೆಂದು ಕೇಳಿದ, ಅವ್ವ ಗಂಡನ ಹೆಸರು ಹೇಳುವುದುಂಟೇ, "ಗದ್ದೆಮ್ಮನಪ್ಪಂದು" ಎಂದಳು. ಅವನಿಗೆ ಕನ್ನಡ ಬಾರದು, ಬಸಪ್ಪ ಸಿದ್ದಪ್ಪನ ಹಾಗೆ ಇವನೂ ಒಬ್ಬ ಅಪ್ಪ ಎಂದುಕೊಂಡು ಬರೆದುಕೊಂಡ. ಅಷ್ಟೇ. ಅವತ್ತಿನಿಂದ ಸರಕಾರದ ಪ್ರಕಾರ ನಮ್ಮ ಹೊಲದ ಧಣಿ ಗದ್ದೆಮನಪ್ಪ, ಕಂದಾಯ ಕಟ್ಟಿದ್ದೂ ಅವನೇ. ಕಂದಾಯದ ಪಾವತಿ ಚೀಟಿ ಉರ್ದುವಿನಲ್ಲಿ ಬಂದದ್ದನ್ನು ಅಪ್ಪ ಜಂತಿಗೆ ಸಿಕ್ಕಿಸಿದ, ಓದುವವರು ಯಾರಿದ್ದರು?

ಇವತ್ತು ನನ್ನನ್ನೂ ಅವ್ವನನ್ನೂ ತಹಸೀಲ್ದಾರ ಸಾಹೇಬರ ಮುಂದೆ ಕರೆದರು. ನಾನು ಮುಂಜಾನೆಯಿಂದ ನೀರು ಸಹ ಕುಡಿದಿರಲಿಲ್ಲ, ನಡುವೆ ಎದ್ದುಹೋಗಬೇಕಾದರೆ ಎಂಬ ಹೆದರಿಕೆ. ಅಮರೇಗೌಡರು ಒಬ್ಬ ಸಾಕ್ಷಿಯನ್ನು ಕರೆತಂದಿದ್ದರು. ಅವನು ನಮ್ಮ ಊರಿನವನಲ್ಲ. ಗದ್ದೆಮನಪ್ಪನನ್ನು ಕಣ್ಣಾರೆ ಕಂಡಿದ್ದೇನೆ ಎಂದು ಆಣೆ ಮಾಡಿದ. "ಎತ್ತರದಾಳು ಇದ್ದ, ಒಂದು ಕಣ್ಣು ಮೆಳ್ಳ, ಬರಗಾಲದಾಗ ಊರು ಬಿಟ್ಟುಹೋದ, ಹಿಂದ ಮುಂದ ಯಾರೂ ಇಲ್ಲ." ನನಗೆ ನಗು ಬಂತು, ಅಳುವೂ ಬಂತು. ಅವ್ವನ ಬಾಯಿಂದ ಬಿದ್ದ ಒಂದು ಮಾತಿಗೆ ಇವರು ಕಣ್ಣು ಮೂಗು ಇಟ್ಟು, ಮೆಳ್ಳಗಣ್ಣನ್ನೂ ಇಟ್ಟು, ಊರು ಬಿಡಿಸಿ ಕಳಿಸಿಬಿಟ್ಟಿದ್ದರು. "ಮೆಳ್ಳಗಣ್ಣು ಎಡದ್ದೋ ಬಲದ್ದೋ ಅಣ್ಣಾ?" ಎಂದು ಕೇಳಿದೆ. ಅವನು ಅಮರೇಗೌಡರ ಮುಖ ನೋಡಿದ. ಸಾಹೇಬರ ಮಗ್ಗುಲಲ್ಲಿ ಕೂತು ಹೇಳಿಕೆ ಬರೆಯುವ ಪೇಷ್ಕಾರರು ನನಗೆ ಸುಮ್ಮನಿರು ಎಂದರು.

ಆಮೇಲೆ ಅವ್ವನನ್ನು ನಿಲ್ಲಿಸಿದರು. ಗಂಡನ ಹೆಸರು ಹೇಳು ಎಂದು ಪೇಷ್ಕಾರರು ಕೇಳಿದರೆ ಅವ್ವ ಸೆರಗು ಎಳೆದುಕೊಂಡಳು. "ಹುಲಗಪ್ಪನೇನು?" ಎಂದರೆ ತಲೆಯಾಡಿಸುತ್ತಾಳೆ, ಬಾಯಿ ಬಿಡುವುದಿಲ್ಲ. ಬಾಯಿಂದ ಹೇಳಿದರೇ ಬರೆಯುವುದಂತೆ. "ಹೆಂಗ ಹೇಳಲೆಪ್ಪಾ. ಮಣ್ಣಿಗೆ ಕೊಟ್ಟು ಬಂದ ಮ್ಯಾಲ ಹೆಸರು ಹಿಡಿಲೇನು?" ಎಂದಳು. ಅಮರೇಗೌಡರು ಬಿಡುತ್ತಾರೆಯೇ, "ಹೇಳಾಕ ಇದ್ರಲ್ಲ ಹೇಳಾಕಿ ಸಾಹೇಬ್ರ, ಗಂಡನ ಹೊಲ ಅಂತಾಳ, ಗಂಡನ ಹೆಸರ ಗೊತ್ತಿಲ್ಲ" ಎಂದು ನಕ್ಕರು. ಆಗ ಗೌಸ್‌ಸಾಬ್ ಮೆಲ್ಲಗೆ, "ಅವ್ವಾ, ಉಣ್ಣಾಕ ಹೆಂಗ ಕರೀತಿದ್ದಿ, ಅದನ್ನರ ಹೇಳು" ಎಂದರು. ಅವ್ವ ಕಚೇರಿಯನ್ನು ಮರೆತು, ನಮ್ಮ ಹೊಸ್ತಿಲಲ್ಲಿ ನಿಂತವಳ ಹಾಗೆ ಕುತ್ತಿಗೆ ಎತ್ತಿ, "ಗದ್ದೆಮ್ಮನಪ್ಪಾ, ರೊಟ್ಟಿ ಆರತಾವ ಬರ್ರಿ" ಎಂದು ಕೂಗಿಯೇ ಬಿಟ್ಟಳು. ಹೊರಗೆ ಬೇವಿನ ಮರದ ಕೆಳಗಿದ್ದವರು ತಿರುಗಿ ನೋಡಿದರು.

ಪೇಷ್ಕಾರರು ಮಾತ್ರ, ಮಗಳ ಅಪ್ಪ ಎಂಬುದು ಒಂದು ಹೆಸರೇ, ಹೀಗೆ ಯಾರು ಕರೆಯುತ್ತಾರೆ ಎಂದರು. ದುರುಗಪ್ಪಾ, ನನಗೆ ಏನಾಯಿತೋ ತಿಳಿಯದು. ನಾಯಿ ಬೊಗಳಿದರೆ ದಾರಿ ಬಿಡುವವಳು ನಾನು. ಸಾಹೇಬರ ಕಡೆಗೇ ತಿರುಗಿ, "ತಮ್ಮ ಮನ್ಯಾಗ ಅಮ್ಮಾವ್ರು ತಮ್ಮನ್ನ ಏನಂತ ಕರೀತಾರ್ರೀ?" ಎಂದು ಕೇಳಿದೆ. ಅಮರೇಗೌಡರು "ಲೇ ಗದ್ದಿ, ನಾಲಿಗಿ ಹಿಡಿ" ಎಂದು ಎದ್ದರು. ಗೌಸ್‌ಸಾಬ್ ಹಣೆಗೆ ಕೈಹಚ್ಚಿಕೊಂಡರು. ಸಾಹೇಬರು ಉರ್ದುವಿನಲ್ಲಿ ಏನೆಂದಳು ಎಂದರು, ಪೇಷ್ಕಾರರು ತಿರುಗಿಸಿ ಹೇಳಲು ತಡವರಿಸಿದರು, ಕಡೆಗೂ ಹೇಳಿದರು. ನನ್ನನ್ನು ಕಟ್ಟಿ ಹಾಕಿಸುತ್ತಾರೆ, ಅವ್ವ ಒಬ್ಬಳೇ ಆಗುತ್ತಾಳೆ, ಎಮ್ಮೆ ಹುಸೇನ್‌ಬೀಯನ್ನು ಒದೆಯುತ್ತದೆ, ಎಲ್ಲ ಒಂದೇ ಸಲಕ್ಕೆ ಕಣ್ಣ ಮುಂದೆ ಬಂತು. ಸಾಹೇಬರು ಮೀಸೆಯ ಮೇಲೆ ಬೆರಳಿಟ್ಟು ಕಿಟಕಿಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಒಂದು ಮಾತು ಆಡಿದರು. ಪೇಷ್ಕಾರರು ನೆಲ ನೋಡುತ್ತ ಅದನ್ನು ಕನ್ನಡದಲ್ಲಿ ಹೇಳಿದರು: "ಸಾಹೇಬ್ರ ಮನ್ಯಾಗ ಸೈತ ಹಂಗ ಕರೀತಾರಂತ. ಮುನ್ನೀ ಕೇ ಅಬ್ಬಾ, ಮುನ್ನಿಯ ಅಪ್ಪ ಅಂತ."

ಸಾಕ್ಷಿಯವನು ಯಾವಾಗ ಹೊರಬಿದ್ದನೋ ಯಾರೂ ಕಾಣಲಿಲ್ಲ. ಗದ್ದೆಮನಪ್ಪ ಎಂದರೆ ಹುಲಗಪ್ಪನೇ ಎಂದು ಸಾಹೇಬರು ಬರೆಸಿದರು. ಜೋಳ ನಮ್ಮದು, ಕೊಯ್ಯಬಹುದು. ಪಟ್ಟಾ ನಿನ್ನ ಹೆಸರಿಗೆ ಆಗಬೇಕಾದರೆ ಚಾವಡಿಗೆ ನೋಟೀಸು ಹಚ್ಚುತ್ತಾರೆ. ಯುಗಾದಿಯ ತನಕ ಯಾರದೂ ತಕರಾರು ಬಾರದಿದ್ದರೆ, ನೀನೂ ಬೇಡ ಎನ್ನದಿದ್ದರೆ, ಹೆಸರು ಏರುತ್ತದೆ. ಹೊರಗೆ ಬರುವಾಗ ಅಮರೇಗೌಡರು, "ಉಡ ಹಿಡದಂಗ ಹಿಡದಿ ನೋಡಬೇ, ಮನಿಅಳಿಯನ ಹೇಂತಿ" ಎಂದರು. ಹೌದು, ಮದುವೆಯಾದರೂ ತವರಿನಲ್ಲೇ ಉಳಿದವಳು. ನೀನು ಗಿರಣಿಗೆ ಹೋದೆ, ಅಪ್ಪನ ಕಡೆಗಾಲಕ್ಕೆ ಗಂಜಿ ಕುಡಿಸಲು ಯಾರಾದರೂ ಉಳಿಯಬೇಕಿತ್ತಲ್ಲ. ಇದನ್ನು ಅವರಿಗೆ ಹೇಳಲಿಲ್ಲ, ನಿನಗೆ ಹೇಳಿದ್ದೇನೆ.

ಈ ಕಾಗದವನ್ನು ಗೌಸ್‌ಸಾಬ್‌ರ ಚಾಪೆಯ ಮೇಲೆ ಕೂತು, ಅವರ ದೌತಿಯಿಂದಲೇ ಬರೆಯುತ್ತಿದ್ದೇನೆ. ಅವರ ತಮ್ಮ ಬಾಬುಸಾಬ್ ಸಂಜೆಯ ಮೋಟಾರಿಗೆ ರಾಯಚೂರಿಗೆ ಹೊರಟಿದ್ದಾರೆ, ಅಲ್ಲಿಯ ಇಂಗ್ರೇಜಿ ಅಂಚೆಗೆ ಹಾಕುತ್ತಾರೆ. ನಮ್ಮ ನಿಜಾಮರ ಟಿಕೀಟು ಸೋಲಾಪುರದ ತನಕ ನಡೆಯುವುದಿಲ್ಲವಂತೆ. ಅವರು ಮರೆಯದಿದ್ದರೆ ಸಾಕು, ಮೋಟಾರಿನಲ್ಲಿ ನಿದ್ದೆ ಮಾಡುವ ಮನುಷ್ಯ. ಅವ್ವ ನಿನಗೆ ಆಶೀರ್ವಾದ ಹೇಳೆಂದಳು, ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೋ ಎಂದಳು. ನಿನ್ನ ಆಯುಷ್ಯ ಬೆಳೆಯಲಿ, ನಿನ್ನ ಎದೆಗೆ ಧೂಳು ತಾಗದಿರಲಿ.

ನಿನ್ನ ಅಕ್ಕ,
ಗದ್ದೆಮ್ಮ

ತಾ. ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಮೋಟಾರಿನವನು ಕೂಗುತ್ತಿದ್ದಾನೆ. ನಮ್ಮನ್ನು ಕರೆದೊಯ್ಯಲು ನಿನ್ನ ಭಾವ ಈಗ ಬಂಡಿ ತಂದರು. ಎತ್ತು ಬಿಚ್ಚಿ, ನೀರು ಕುಡಿಸಿ, ಆಮೇಲೆ ಬಾಯಿ ಬಿಟ್ಟರು. ನಿನ್ನೆ ಬಸ್ಸಪ್ಪನನ್ನು ಮಸ್ಕಿಯ ತನಕ ಬಾಡಿಗೆಗೆ ಬಿಟ್ಟು ಬಂದದ್ದು ಇವರೇ. "ನಿನ್ನ ಹೇಂತಿ ತಮ್ಮನ ಹೆಬ್ಬೆಟ್ಟು ತರಾಕ ಸೋಲಾಪುರಕ್ಕ ಹೊಂಟೀನಿ" ಎಂದು ನಗುತ್ತ ಹೇಳಿದನಂತೆ. ರಾಯಚೂರಿನಲ್ಲಿ ತನ್ನ ಅಕ್ಕನ ಮನೆಯಲ್ಲಿ ಶಿವರಾತ್ರಿ ಮುಗಿಸಿ ನಿನ್ನ ಹತ್ತಿರ ಬರುತ್ತಾನೆ, ಅದಕ್ಕಿಂತ ಮುಂಚೆ ಇದು ನಿನ್ನ ಕೈಸೇರಬೇಕು. ಅವನು ತರುವ ಉರ್ದು ಕಾಗದ ಹೊಲ ಬೇಡವೆಂಬ ರಾಜೀನಾಮೆ. ಗಿರಣಿಯಲ್ಲಿ ಆಳುಗಳ ಮೇಲಿನ ಮುಕಾದಮನ ಕೆಲಸ ಕೊಡಿಸುತ್ತೇನೆ ಎನ್ನುತ್ತಾನೆ, ಹೆಬ್ಬೆಟ್ಟು ಒತ್ತಬೇಡ. ನೀನು ಮೆತ್ತಗಿನವನು, ಅದು ಗೊತ್ತಿದ್ದೇ ನಾನು ಈಗ ಮತ್ತೆ ಕಚೇರಿಯ ಒಳಗೆ ಹೋಗಿ ಬಂದೆ. ಪಹಣಿಯಲ್ಲಿ ಸಾಗುವಳಿ ಯಾರದು ಎಂಬ ಖಾನೆಗೆ ನನ್ನ ಹೆಸರು ಹೇಳಿದೆ. ಹೆಣ್ಣುಮಗಳ ಹೆಸರು ಯಾಕೆ ಎಂದರು, ಬಂದು ನನ್ನ ಕೈ ನೋಡಿರಿ ಎಂದೆ, ಬರೆದುಕೊಂಡರು. ನಿನ್ನನ್ನು ಕೇಳಿ ಮಾಡಲಿಲ್ಲ, ಮಾಡಿ ಹೇಳುತ್ತಿದ್ದೇನೆ. ನಾಡಿದ್ದು ಜೋಳಕ್ಕೆ ಕುಡುಗೋಲು ಹಾಕುತ್ತೇವೆ. ಮುಂದಿನ ವರ್ಷ, ನೀನು ಒತ್ತಿದರೂ, ಬಿತ್ತುವವಳು ನಾನೇ.