ಗೆರೆಯಿಂದ ಒಂದು ಬೆರಳು ಕೆಳಗೆ

ಅಪ್ಪ,

ಘನಗಂಭೀರ ವಿಷಯ: ಕುಡಿತ ಬಿಟ್ಟ ದಿನ ಬ್ರಾಂದಿ ಬಾಟಲಿಯ ಲೇಬಲ್ಲಿನ ಮೇಲೆ ನೀನೇ ಪೆನ್ಸಿಲಿನಲ್ಲಿ ಎಳೆದ ಗೆರೆಗಿಂತ ಬ್ರಾಂದಿ ಒಂದು ಬೆರಳು ಕೆಳಗಿದೆ.

"ಬೇಸಿಗೆ ಕಣಮ್ಮ, ಸೆಕೆಗೆ ಆರಿಹೋಗಿದೆ" ಅಂದೆ ನೀನು. ಅದೂ ಹನ್ನೆರಡು ವರ್ಷದಿಂದ ಕಾರ್ಖಾನೆಯಲ್ಲಿ ಥರ್ಮಾಮೀಟರಿಗೆ ಕೆಂಪು ಸ್ಪಿರಿಟ್ ತುಂಬುತ್ತಿರುವ ಮಗಳಿಗೆ! ತೆರೆದಿಟ್ಟಿದ್ದರೆ ಆವಿಯಾಗುತ್ತಿತ್ತು, ಒಪ್ಪಿದೆ. ಆದರೆ ಆ ಮುಚ್ಚಳ ತೆಗೆಯೋಕೆ ನನಗೆ ಇಕ್ಕಳ ಬೇಕಾಯಿತು. ಬಿಗಿಯಾಗಿ ಮುಚ್ಚಿದ ಗಾಜಿನೊಳಗೆ ಸ್ಪಿರಿಟ್ ಸೆಕೆಗೆ ಹಿಗ್ಗಿ ಮೇಲೇರುತ್ತದೆ, ಇಳಿಯುವುದಿಲ್ಲ.

ತಿಂಡಿ ಮುಚ್ಚಿಟ್ಟಿದ್ದೇನೆ. ಮಾತ್ರೆ ಮರೀಬೇಡ.

ಸ್ಕೂಟರಿನಲ್ಲಿ ತಾತನ ಬೆನ್ನಿಗೆ ಒರಗಿದರೆ ಪುಟ್ಟಿ ಕಣ್ಣು ಮುಚ್ಚಿಕೊಂಡುಬಿಡುತ್ತಾಳೆ, ಅಷ್ಟು ನಂಬಿಕೆ ಅವಳಿಗೆ.

ಸ್ಕೂಟರ್ ಕೀ ನನ್ನ ಬ್ಯಾಗಿನಲ್ಲಿದೆ. ಇವತ್ತಿನಿಂದ ಅವಳನ್ನು ಸ್ಕೂಲಿನಿಂದ ನಾನೇ ಕರೆತರುತ್ತೇನೆ.