ಮೂಗಿನ ಮೇಲೆ ಕೇಸರಿ ಪುಡಿ

ಮಾರ್ಚ್ ೩, ಬೆಳಿಗ್ಗೆ
ಗಿಡಗಳಿಗೆ ನೀರು ಹಾಕಿದ್ದಾಯಿತು. ಲಿಲ್ಲಿ ಕುಂಡಕ್ಕೆ ಮಾತ್ರ ಕೈ ಹಚ್ಚುವಂತಿಲ್ಲ — ಅದು ಅತ್ತೆಯದು. ಗೆಡ್ಡೆ ಕೊಟ್ಟ ಅವರ ಅಕ್ಕ ಈಗಿಲ್ಲ. ಮೊದಲ ಮೊಗ್ಗು ಅರಳಿದೆ. ಬೆಕ್ಕು ಅದರ ಪಕ್ಕವೇ ಕಿಟಕಿಯಲ್ಲಿ ಕೂತಿತ್ತು. ಬೆಕ್ಕು ನನ್ನದು, ಮದುವೆಗೆ ಮುಂಚಿನದು. ಅತ್ತೆ ಪೊರಕೆ ಎತ್ತಿದರು. "ಮೂರು ಹೊತ್ತು ತಿನ್ನೋದು, ಬಿದ್ಕೊಳ್ಳೋದು. ದಂಡಪಿಂಡ!"

ಮಾರ್ಚ್ ೪
ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವಳಿಗೆ ಹೂವಿನ ಫೋಟೋ ತೋರಿಸಿದೆ. ಅವಳೂ ಬೆಕ್ಕು ಸಾಕಿದ್ದಾಳೆ. "ಬೆಕ್ಕಿರೋ ಮನೇಲಿ ಲಿಲ್ಲಿನಾ? ಎಲೆ, ಹೂವು, ಹೂವಿನೊಳಗಿನ ಕೇಸರಿ ಪುಡಿ, ಎಲ್ಲಾ ವಿಷ ಕಣೇ. ಕಿಡ್ನಿನೇ ಹೋಗತ್ತೆ."
ಸಂಜೆ ಅತ್ತೆಗೆ ಹೇಳಿದೆ.
"ವರ್ಷಗಟ್ಟಲೆ ಬೆಳೆಸಿದ್ದೀನಿ. ನಂಗೇನಾದ್ರೂ ಆಯ್ತಾ?"
"ನೀವು ಬೆಕ್ಕಲ್ಲವಲ್ಲ."
ಮಾತು ಬಿಟ್ಟರು. ಗಂಡ ಟೀವಿಯ ದನಿ ಏರಿಸಿದ. ಕುಂಡವನ್ನು ಬೀರುವಿನ ಮೇಲಿಟ್ಟೆ. ಬೆಕ್ಕಿಗೆ ಅದು ಯಾವ ಎತ್ತರ...

ಮಾರ್ಚ್ ೭, ಮಧ್ಯಾಹ್ನ, ಕ್ಲಿನಿಕ್ಕಿನಲ್ಲಿ
ಆಫೀಸಿಗೆ ಅತ್ತೆಯೇ ಫೋನ್ ಮಾಡಿದರು. "ಅದರ ಮೂಗಿನ ಮೇಲೆ ಕೇಸರಿ ಪುಡಿ ಕಣೇ. ನೆಕ್ತಾ ಇತ್ತು. ಒರೆಸ್ದೆ... ಈಗ ವಾಂತಿ."
ನಾನು ಬರುವಷ್ಟರಲ್ಲಿ ಅವರೇ ತಂದಿದ್ದರು. ತರಕಾರಿ ಬುಟ್ಟಿಯಲ್ಲಿ ಬೆಕ್ಕು, ಮೇಲೆ ಅವರ ಒಳ್ಳೆಯ ಶಾಲು.
"ಬೇಗ ತಂದ್ರಿ, ಒಳ್ಳೇದಾಯ್ತು," ಎಂದರು ಡಾಕ್ಟರ್. "ಡ್ರಿಪ್ ಹಾಕ್ತೀವಿ. ಉಚ್ಚೆ ಹೊಯ್ತಾ ಇದ್ರೆ ಬಚಾವ್. ನಿಂತ್ರೆ ಕಷ್ಟ."
ಅತ್ತೆ ಬೆಂಚು ಬಿಟ್ಟು ಏಳುತ್ತಿಲ್ಲ.

ಮಾರ್ಚ್ ೮
ಬೆಕ್ಕು ಕ್ಲಿನಿಕ್ಕಿನಲ್ಲೇ ಇದೆ. ಬೆಳಿಗ್ಗೆಯಿಂದ ಉಚ್ಚೆ ಇಲ್ಲವಂತೆ.
ಬೀರುವಿನ ಮೇಲೆ ಕುಂಡವೂ ಇಲ್ಲ. ಅತ್ತೆ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದರು, ಬಹಳ ಹೊತ್ತು. ಉಗುರಲ್ಲಿ ಮಣ್ಣು. ಇವತ್ತು ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ.

ಮಾರ್ಚ್ ೯
ಕ್ಲಿನಿಕ್ಕಿನಿಂದ ಫೋನ್. ಎತ್ತಿದ್ದು ಅತ್ತೆ. "ಉಚ್ಚೆ ಹೊಯ್ದಿದ್ಯಂತೆ! ಹೊಯ್ದಿದ್ಯಂತೆ ಕಣೇ!" ಕೆಳಗಿನ ಮನೆಯವರು ಬಾಗಿಲು ತೆರೆದು ನೋಡಿದರು.

ಮಾರ್ಚ್ ೧೬, ಸಂಜೆ
ಬೆಕ್ಕು ಮನೆಗೆ ಬಂದಿದೆ. ಡ್ರಿಪ್ ಹಾಕಿದ ಕಾಲು ಬೋಳು. ಕಿಡ್ನಿ ಪೂರ್ತಿ ಮೊದಲಿನಂತೆ ಆಗುವುದಿಲ್ಲವಂತೆ. ಇನ್ನು ಬೇರೆ ಊಟ, ಆಗಾಗ ರಕ್ತ ಪರೀಕ್ಷೆ.
ಉಳಿದ ಗಿಡಗಳನ್ನು ಒಂದೊಂದಾಗಿ ಫೋನಿನಲ್ಲಿ ಹುಡುಕುತ್ತಿದ್ದೇನೆ. ಸ್ಪೈಡರ್ ಪ್ಲಾಂಟ್ — ಭಯವಿಲ್ಲ. ಮನಿ ಪ್ಲಾಂಟ್ — ಬಾಯಿ ಉರಿಯುತ್ತದಂತೆ; ಕೆಳಗಿನ ಮನೆಗೆ ಕೊಡಬೇಕು. ಅಲೋವೆರಾ ಕೂಡ ಹೊರಗೆ. "ಕೊಟ್ಬಿಡು," ಎಂದರು ಅತ್ತೆ, ತಲೆ ಎತ್ತದೆ. ಅವರ ಮಡಿಲಲ್ಲಿ ಬೆಕ್ಕು ನಿದ್ದೆ ಮಾಡುತ್ತಿದೆ. ಒಂದು ಗಂಟೆಯಿಂದ ಅತ್ತೆ ಕಾಲು ಅಲ್ಲಾಡಿಸಿಲ್ಲ. ಜೋಮು ಹಿಡಿದಿರಬೇಕು. ಎತ್ತಿಕೊಳ್ಳಲೇ ಎಂದೆ. ಬೇಡವಂತೆ.
ಜರೀಗಿಡ —
"ಲೇ, ಬಟ್ಟೆ ತಗೊಂಬಾ! ಮಡಿಲಲ್ಲೇ ಹೊಯ್ದುಬಿಡ್ತು!"
ನಗುತ್ತಿದ್ದಾರೆ. ನಾನು ಈ ಮನೆಗೆ ಬಂದಮೇಲೆ ಅವರು ಹೀಗೆ ನಕ್ಕಿದ್ದು ಇದೇ ಮೊದಲು.